ಕೈ ಜೋಮು ಹಿಡಿದರೆ ಸ್ಟೆಮ್ ಬದಲಿಸಬೇಕಾ, ಸೀಟು ಸರಿಮಾಡಬೇಕಾ? (ರೋಡ್ ಸೈಕಲ್ ಫಿಟ್)

#1 ಎರಡುಗಾಲಿ

ತೊಂದರೆ ಹೀಗಿದೆ: 40 ಕಿ.ಮೀ. ದಾಟಿದ ಮೇಲೆ ಎರಡೂ ಕೈಯ ಕಿರುಬೆರಳು, ಉಂಗುರ ಬೆರಳು ಜೋಮು. ಕತ್ತಿನ ಬುಡದಲ್ಲಿ ಬಿಗಿತ. ಹ್ಯಾಂಡಲ್ ದೂರ ಅನ್ನಿಸುತ್ತದೆ.

ಅಳತೆ: ಕಾಲಿನ ಒಳ ಉದ್ದ 82 ಸೆಂ.ಮೀ., ಸೀಟಿನ ಎತ್ತರ (ಬಾಟಮ್ ಬ್ರಾಕೆಟ್, ಅಂದರೆ ಪೆಡಲಿನ ತೋಳುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗೆ) 74.5 ಸೆಂ.ಮೀ., ಕ್ರ್ಯಾಂಕ್ (ಪೆಡಲ್ ಕೂರುವ ತೋಳು) 172.5 ಮಿ.ಮೀ., ಸ್ಟೆಮ್ (ಹ್ಯಾಂಡಲನ್ನು ಫೋರ್ಕಿನ ಕೊಳವೆಗೆ ಜೋಡಿಸುವ ತುಂಡು) 100 ಮಿ.ಮೀ., ಮೈನಸ್ 6 ಡಿಗ್ರಿ. ತೊಡೆಸಂದಿಗೆ ಒತ್ತುತ್ತಿದ್ದ ಕಾರಣ ಸೀಟಿನ ಮೂತಿಯನ್ನು 4 ಡಿಗ್ರಿ ಕೆಳಕ್ಕೆ ಬಾಗಿಸಿದೆ. ಈಗ 80 ಮಿ.ಮೀ. ಸ್ಟೆಮ್ ಹಾಕಿದರೆ ಸರಿಹೋಗುತ್ತಾ?

#2 ಸ್ಪ್ಯಾನರ್ ಶಾಸ್ತ್ರಿ

ಸ್ಟೆಮ್ ಕೊಳ್ಳಬೇಡಿ, ಸದ್ಯಕ್ಕಂತೂ ಬೇಡ. ನೀವು ಕೊಟ್ಟ ಅಳತೆಯಲ್ಲೇ ಉತ್ತರ ಇದೆ.

ಸೀಟಿನ ಎತ್ತರಕ್ಕೆ ಒಂದು ಸೂತ್ರ ಇದೆ: ಒಳ ಉದ್ದ 82ನ್ನು 0.883ರಿಂದ ಗುಣಿಸಿದರೆ 72.4. ನಿಮ್ಮ ಸೀಟು ಅದಕ್ಕಿಂತ 2 ಸೆಂ.ಮೀ. ಮೇಲಿದೆ. ಅಷ್ಟು ಎತ್ತರದಲ್ಲಿ ಪೆಡಲ್ ಕೆಳಗಿಳಿದಾಗಲೆಲ್ಲ ಸೊಂಟ ಆ ಕಡೆ ಈ ಕಡೆ ಜಗ್ಗುತ್ತದೆ, ತೊಡೆಸಂದು ಸೀಟಿಗೆ ಉಜ್ಜುತ್ತದೆ. ಆ ನೋವು ತಾಳಲಾರದೆ ಮೂತಿ ಬಾಗಿಸಿದಿರಿ. ಮೂತಿ ಬಾಗಿದ ಮೇಲೆ ಸೀಟು ಜಾರುಬಂಡಿ. ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಅದನ್ನು ತಡೆದು ಹಿಂದಕ್ಕೆ ತಳ್ಳುವ ಕೆಲಸ ಅಂಗೈಗೆ ಬಿತ್ತು. ಅಂಗೈಯ ಹೊರಬದಿಯಲ್ಲಿ, ಕಿರುಬೆರಳಿನ ನೇರಕ್ಕೆ ಅಲ್ನಾರ್ ನರ ಹೋಗುತ್ತದೆ. ಅದು ಒತ್ತಿದರೆ ನೀವು ಹೇಳಿದ ಎರಡೇ ಬೆರಳು ಜೋಮು ಹಿಡಿಯುವುದು. ಜೋಮು ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಬಂದಿದ್ದರೆ ಮೀಡಿಯನ್ ನರ, ಅಂದರೆ ಮಣಿಕಟ್ಟು ಮಡಿಸಿ ಹಿಡಿಯುತ್ತಿದ್ದೀರಿ ಅಂತ ಅನುಮಾನ ಪಡುತ್ತಿದ್ದೆ.

ಈಗ ಸ್ಟೆಮ್ ಗಿಡ್ಡ ಮಾಡಿದರೆ ಹ್ಯಾಂಡಲ್ ಹತ್ತಿರ ಬರುತ್ತದೆ, ಜಾರುವುದು ನಿಲ್ಲುವುದಿಲ್ಲ. ಕೈ ಮೇಲಿನ ಭಾರವೂ ಇಳಿಯುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ. ಸೀಟ್ ಟ್ಯೂಬ್ ಸುಮಾರು 73 ಡಿಗ್ರಿ ಓರೆ ಇರುತ್ತದೆ. ಸೀಟ್‌ಪೋಸ್ಟ್ 20 ಮಿ.ಮೀ. ಇಳಿಸಿದರೆ ಸೀಟು ನೇರವಾಗಿ 19 ಮಿ.ಮೀ. ಇಳಿಯುತ್ತದೆ, 6 ಮಿ.ಮೀ. ಮುಂದಕ್ಕೂ ಬರುತ್ತದೆ. ಅಂದರೆ ಹ್ಯಾಂಡಲ್ ಮುಟ್ಟದೆಯೇ ಅದು ಸೀಟಿಗೆ ಹೋಲಿಸಿದರೆ 19 ಮಿ.ಮೀ. ಮೇಲೆ ಬಂದ ಹಾಗೆ. ಕತ್ತಿನ ಬಿಗಿತದ ಅರ್ಧ ಔಷಧಿ ಅಲ್ಲೇ ಸಿಕ್ಕಿತು, ಖರ್ಚಿಲ್ಲದೆ. ಮುಂದೆ ಬಂದ ಆ 6 ಮಿ.ಮೀ.ಯನ್ನು ಮಾತ್ರ ಸೀಟಿನ ರೇಲ್ ಮೇಲೆ ಹಿಂದಕ್ಕೆ ಸರಿಸಿ ಸರಿದೂಗಿಸಬೇಕು.

ಕ್ರಮ ಇದು, ಹಿಂದುಮುಂದು ಮಾಡಬೇಡಿ: ಕ್ಲೀಟ್ (ಶೂವನ್ನು ಪೆಡಲಿಗೆ ಸಿಕ್ಕಿಸುವ ತುಂಡು), ಸೀಟಿನ ಎತ್ತರ, ಸೀಟಿನ ಹಿಂದುಮುಂದು, ಸೀಟಿನ ಓರೆ, ಕೊನೆಗೆ ಹ್ಯಾಂಡಲ್.

#3 ಮಂಡಿಚಿಪ್ಪು

ಶಾಸ್ತ್ರಿಗಳು ಹೇಳಿದ ಸರಪಳಿ ಸರಿ. ಆದರೆ 0.883ನ್ನು ವೇದವಾಕ್ಯ ಮಾಡಬೇಡಿ. ಸೈಕಲ್ ರೇಸರ್ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಓಡಾಡುವ ಆ ಸೂತ್ರಕ್ಕೆ ಶೂ ಅಡಿಯ ದಪ್ಪ, ಪೆಡಲ್ ದಪ್ಪ, ಕ್ರ್ಯಾಂಕ್ ಉದ್ದ ಯಾವುದೂ ಗೊತ್ತಿಲ್ಲ. 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು ಕೊಟ್ಟ ಶೇ. 109ರ ಲೆಕ್ಕದಲ್ಲಿ ಕ್ರ್ಯಾಂಕಾದರೂ ಸೇರಿದೆ. ಕೆಳಗಿಳಿದ ಪೆಡಲಿನ ಅಚ್ಚಿನಿಂದ ಸೀಟಿನ ಮೇಲ್ಮೈವರೆಗೆ ಒಳ ಉದ್ದದ 1.09 ಪಟ್ಟು. 82ಕ್ಕೆ 89.4 ಸೆಂ.ಮೀ., ಅದರಲ್ಲಿ 17.25 ಕ್ರ್ಯಾಂಕ್ ಕಳೆದರೆ 72.1. ಎರಡೂ ಹತ್ತಿರ ಹತ್ತಿರ ಬಂದವು, ಹಾಗಾಗಿ 74.5 ಜಾಸ್ತಿ ಅನ್ನುವುದರಲ್ಲಿ ನನ್ನದೂ ತಕರಾರಿಲ್ಲ. ಆದರೆ ಕೊನೆಯ ತೀರ್ಪು ಮಂಡಿಯದ್ದು, ಕ್ಯಾಲ್ಕುಲೇಟರಿನದ್ದಲ್ಲ.

ಮಂಡಿಯನ್ನು ಕೇಳುವುದು ಹೇಗೆ? ಸೈಕಲನ್ನು ಟ್ರೇನರ್ (ನಿಂತಲ್ಲೇ ತುಳಿಯಲು ಬಿಡುವ ಸ್ಟ್ಯಾಂಡ್) ಮೇಲೆ ನಿಲ್ಲಿಸಿ, ಎರಡೂ ಚಕ್ರದ ಅಚ್ಚು ಒಂದೇ ಎತ್ತರಕ್ಕೆ ಬರುವ ಹಾಗೆ ಮುಂಚಕ್ರದ ಕೆಳಗೆ ಹಲಗೆ ಕೊಡಿ. ಇದನ್ನು ಮರೆತರೆ ಮುಂದಿನ ಅಳತೆಯೆಲ್ಲ ಸುಳ್ಳು. ಸವಾರಿಯ ಶೂ ಹಾಕಿ ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಹಿಂದಕ್ಕೆ ತುಳಿಯಿರಿ. ಪೆಡಲ್ ತೀರಾ ಕೆಳಗೆ ಹೋದಾಗ ಕಾಲು ಪೂರ್ತಿ ನೆಟ್ಟಗಾಗಬೇಕು, ಸೊಂಟ ಮಾತ್ರ ಅಲುಗಬಾರದು. ಇದು ಒರಟು ಅಳತೆ.

ಆಮೇಲೆ ನಿಖರ ಅಳತೆ. ತೊಡೆಮೂಳೆಯ ಮೇಲ್ತುದಿ (ಸೊಂಟದ ಪಕ್ಕ ಉಬ್ಬಿರುವುದು), ಮಂಡಿಯ ಹೊರಬದಿ, ಪಾದದ ಹೊರಗಿನ ಗಿಣ್ಣು, ಈ ಮೂರು ಕಡೆ ಸ್ಟಿಕ್ಕರ್ ಅಂಟಿಸಿ. ಫೋನನ್ನು 3-4 ಮೀಟರ್ ದೂರದಲ್ಲಿ, ಮಂಡಿ ಓಡಾಡುವ ಎತ್ತರಕ್ಕೆ, ಸೈಕಲ್ಲಿಗೆ ನೇರ ಅಡ್ಡವಾಗಿಡಿ. ಓರೆಯಾಗಿಟ್ಟರೆ ಕೋನ ಸುಳ್ಳು ಹೇಳುತ್ತದೆ. ಪೆಡಲ್ ತೀರಾ ಕೆಳಗಿರುವಾಗ ಕಾಲು ನಿಲ್ಲಿಸಿ ಅಳೆದರೆ ಮಂಡಿಯ ಬಾಗು 25ರಿಂದ 35 ಡಿಗ್ರಿ ಒಳಗಿರಬೇಕು. ತುಳಿಯುತ್ತಿರುವಾಗಿನ ವಿಡಿಯೊದಲ್ಲಿ ಅದೇ ಬಾಗು ಇನ್ನೊಂದಿಷ್ಟು ಡಿಗ್ರಿ ಜಾಸ್ತಿ ಕಾಣುತ್ತದೆ, ಏಕೆಂದರೆ ತುಳಿಯುವಾಗ ಪಾದದ ಓರೆ ಬೇರೆ. ಈ ಎರಡನ್ನು ಕಲಸಿ, ವಿಡಿಯೊದಲ್ಲಿ 38 ಬಂತು ಅಂತ ಸೀಟು ಏರಿಸುವವರೇ ಜಾಸ್ತಿ.

#4 ಎರಡುಗಾಲಿ

ಒಳ ಉದ್ದವನ್ನು ಪ್ಯಾಂಟಿನ ಹೊಲಿಗೆಯ ಮೇಲೆ ಅಳೆದದ್ದು. ಅದು ನಡೆಯುತ್ತಾ?

#5 ಸ್ಪ್ಯಾನರ್ ಶಾಸ್ತ್ರಿ

ನಡೆಯುವುದಿಲ್ಲ. ದರ್ಜಿಯ ಅಳತೆ ಬೇರೆ, ಸೈಕಲ್ ಅಳತೆ ಬೇರೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ 15 ಸೆಂ.ಮೀ. ಬಿಟ್ಟು ನಿಲ್ಲಿ. ದಪ್ಪ ರಟ್ಟಿನ ಪುಸ್ತಕವನ್ನು ಕಾಲುಗಳ ನಡುವೆ ಇಟ್ಟು, ಒಂದು ಅಂಚು ಗೋಡೆಗೆ ತಾಗುವಂತೆ ಮೇಲಕ್ಕೆ ಒತ್ತಿ. ಸೀಟು ಎಷ್ಟು ಒತ್ತುತ್ತದೋ ಅಷ್ಟೇ ಗಟ್ಟಿಯಾಗಿ, ನಾಚಿಕೆ ಬೇಡ. ಪುಸ್ತಕದ ಮೇಲಂಚಿಗೆ ಗೋಡೆ ಮೇಲೆ ಗೆರೆ ಹಾಕಿ ನೆಲದಿಂದ ಅಳೆಯಿರಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. 1 ಸೆಂ.ಮೀ. ತಪ್ಪಿದರೆ ಸೀಟು 9 ಮಿ.ಮೀ. ತಪ್ಪುತ್ತದೆ.

#6 ಎರಡುಗಾಲಿ

82.3 ಬಂತು. ಮೂರೂ ಸಲ 82.1ರಿಂದ 82.5ರ ನಡುವೆ.

#7 ಸ್ಪ್ಯಾನರ್ ಶಾಸ್ತ್ರಿ

ಹಾಗಾದರೆ 72.7. ಒಂದೇ ದಿನ ಪೂರ್ತಿ ಇಳಿಸಬೇಡಿ. ಹಳೆಯ ಎತ್ತರಕ್ಕೆ ಸ್ನಾಯುಗಳು ಒಗ್ಗಿರುತ್ತವೆ. 5-6 ಮಿ.ಮೀ. ಇಳಿಸಿ, ಎರಡು ಮೂರು ಸವಾರಿ ಮಾಡಿ, ಮತ್ತೆ ಇಳಿಸಿ. ಮಂಡಿಯ ಮುಂಭಾಗದಲ್ಲಿ ನೋವು ಶುರುವಾದರೆ ಅಲ್ಲೇ ನಿಲ್ಲಿಸಿ 2-3 ಮಿ.ಮೀ. ಮೇಲೆ ಬನ್ನಿ. ಇಳಿಸುವ ಮೊದಲು ಸೀಟ್‌ಪೋಸ್ಟ್ ಸುತ್ತ ಇನ್ಸುಲೇಷನ್ ಟೇಪ್ ಒಂದು ಸುತ್ತು ಹಾಕಿ, ಹಳೆಯ ಜಾಗ ಗುರುತಿರಲಿ.

ಪೋಸ್ಟ್ ಮತ್ತು ಫ್ರೇಮ್ ಎರಡೂ ಲೋಹದ್ದಾದರೆ ಗ್ರೀಸ್. ಎರಡರಲ್ಲಿ ಒಂದು ಕಾರ್ಬನ್ ಆದರೂ ಗ್ರೀಸ್ ಬೇಡ, ಕಾರ್ಬನ್ ಪೇಸ್ಟ್. ಅದರಲ್ಲಿರುವ ಮರಳಿನಂಥ ಕಣಗಳು ಕಡಿಮೆ ಬಿಗಿತದಲ್ಲೇ ಪೋಸ್ಟನ್ನು ಕಚ್ಚಿ ಹಿಡಿಯುತ್ತವೆ. ಕ್ಲಾಂಪ್ ಮೇಲೆ ಬರೆದಿರುವ ನ್ಯೂಟನ್ ಮೀಟರ್ ಸಂಖ್ಯೆಯನ್ನು ಮೀರಬೇಡಿ, ಸಾಮಾನ್ಯವಾಗಿ 5ರ ಆಸುಪಾಸು. ಪೋಸ್ಟ್ ಜಾರುತ್ತಿದೆ ಅಂತ ಇನ್ನೂ ಬಿಗಿದು ಕಾರ್ಬನ್ ಸೀಳಿಸುವುದು ಮಾಮೂಲಿ ತಪ್ಪು.

#8 ದಾರಗುಂಡು

ಎತ್ತರದಷ್ಟೇ ಹಿಂದುಮುಂದೂ ಮುಖ್ಯ. ಕ್ರ್ಯಾಂಕ್ ನೆಲಕ್ಕೆ ಸಮನಾಗಿ ಮುಂದಿರುವಾಗ, ಮಂಡಿಚಿಪ್ಪಿನ ಕೆಳಗಿನ ಉಬ್ಬಿನಿಂದ ದಾರಕ್ಕೆ ನಟ್ಟು ಕಟ್ಟಿ ಇಳಿಬಿಡಿ. ದಾರ ಪೆಡಲಿನ ಅಚ್ಚಿನ ಮೇಲೆ ಬೀಳಬೇಕು. ಮುಂದೆ ಬಿದ್ದರೆ ಸೀಟು ಹಿಂದಕ್ಕೆ, ಹಿಂದೆ ಬಿದ್ದರೆ ಮುಂದಕ್ಕೆ. ಇಷ್ಟೇ.

#9 ಮಂಡಿಚಿಪ್ಪು

> ಇಷ್ಟೇ.

ಇಷ್ಟೇ ಆಗಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ ಗುರುಗಳೇ. ಮಂಡಿ ಅಚ್ಚಿನ ನೇರಕ್ಕೇ ಇರಬೇಕು ಅನ್ನಲು ಯಂತ್ರಶಾಸ್ತ್ರದ ಕಾರಣವೇ ಇಲ್ಲ. ಒರಗಿ ಕೂತು ತುಳಿಯುವ ರಿಕಂಬೆಂಟ್ ಸೈಕಲ್ಲಿನಲ್ಲಿ ಮಂಡಿ ಅಚ್ಚಿನ ಹತ್ತಿರವೂ ಸುಳಿಯುವುದಿಲ್ಲ, ಆದರೂ ಮಂಡಿಗಳು ಚೆನ್ನಾಗೇ ಇರುತ್ತವೆ. ದಾರ ಹೇಳುವುದು ಹೆಚ್ಚಾಗಿ ತೊಡೆಮೂಳೆ ಎಷ್ಟು ಉದ್ದ ಅನ್ನುವುದನ್ನು. ಸೀಟಿನ ಹಿಂದುಮುಂದು ನಿಜವಾಗಿ ತೀರ್ಮಾನಿಸುವುದು ಮೈಯ ಭಾರ ಪಾದದ ಮೇಲೆ ಎಷ್ಟು, ಕೈಯ ಮೇಲೆ ಎಷ್ಟು ಅನ್ನುವುದನ್ನು. ಮೈ ಮುಂದಕ್ಕೆ ಬಾಗಿದಷ್ಟೂ ಹಿಂಭಾಗ ಹಿಂದಕ್ಕೆ ಹೋಗಬೇಕು. ನೆಲದ ಮೇಲೆ ನಿಂತು ಬಗ್ಗಿ ಏನನ್ನಾದರೂ ಎತ್ತುವಾಗ ಆಗುವುದೂ ಅದೇ.

ಇದಕ್ಕೊಂದು ಪರೀಕ್ಷೆ. ಟ್ರೇನರ್ ಮೇಲೆ ಮಧ್ಯಮ ಜೋರಿನಲ್ಲಿ ತುಳಿಯುತ್ತಾ, ಹುಡ್ (ಬ್ರೇಕ್ ಲಿವರಿನ ಮೇಲಿನ ರಬ್ಬರ್ ಹಿಡಿ) ಹಿಡಿದ ಭಂಗಿ ಕೆಡಿಸದೆ ಎರಡೂ ಕೈಗಳನ್ನು ಹುಡ್ಡಿನಿಂದ ಒಂದಿಂಚು ಮೇಲೆತ್ತಿ. ಕೆಲವು ಸೆಕೆಂಡ್ ನಿಭಾಯಿಸಲು ಆಗಬೇಕು. ಮುಗ್ಗರಿಸಿದರೆ ಸೀಟು ತೀರಾ ಮುಂದಿದೆ, ಇಲ್ಲವೇ ಮೂತಿ ಬಾಗಿದೆ. 5 ಮಿ.ಮೀ. ಹಿಂದಕ್ಕೆ ತಳ್ಳಿ ಮತ್ತೆ ನೋಡಿ. ತುಳಿಯದೆ ಸುಮ್ಮನೆ ಕೂತು ಮಾಡಿದರೆ ಈ ಪರೀಕ್ಷೆಗೆ ಬೆಲೆಯಿಲ್ಲ, ಮೈ ಎತ್ತಿ ಹಿಡಿಯುವುದೇ ಪೆಡಲ್ ಮೇಲಿನ ಒತ್ತಡ.

#10 ದಾರಗುಂಡು

ಸಿದ್ಧಾಂತ ಒಪ್ಪಿದೆ. ಆದರೂ ಹೊಸಬರಿಗೆ ಎಲ್ಲಿಂದಾದರೂ ಶುರು ಮಾಡಬೇಕಲ್ಲ? ದಾರ ಅಚ್ಚಿನ ಮೇಲಿಂದ 1-2 ಸೆಂ.ಮೀ. ಹಿಂದಿನವರೆಗೆ ಎಲ್ಲಿ ಬಿದ್ದರೂ ಶುರುವಿಗೆ ಅಡ್ಡಿಯಿಲ್ಲ. ಅಲ್ಲಿಂದ ಕೈ ಎತ್ತುವ ಪರೀಕ್ಷೆ ಮಾಡಲಿ.

#11 ಸ್ಪ್ಯಾನರ್ ಶಾಸ್ತ್ರಿ

ರಾಜಿ ಆಯಿತು ಅಂದುಕೊಳ್ಳೋಣ. ಎರಡೂ ಕಡೆಯವರು ಮರೆತದ್ದು: ಸೀಟು 10 ಮಿ.ಮೀ. ಹಿಂದಕ್ಕೆ ಹೋದರೆ ಕಾಲಿನ ಪಾಲಿಗೆ ಅದು ಸುಮಾರು 3 ಮಿ.ಮೀ. ಎತ್ತರವೂ ಆಗುತ್ತದೆ. ಹಿಂದೆ ತಳ್ಳಿದಾಗಲೆಲ್ಲ ಅಷ್ಟು ಇಳಿಸಿ. ರೇಲ್ ಮೇಲೆ ಕೊರೆದ ಗೆರೆಗಳ ಆಚೆ ಕ್ಲಾಂಪ್ ಹಾಕಬೇಡಿ, ರೇಲ್ ಮುರಿಯುತ್ತದೆ. ಜಾಗ ಸಾಲದಿದ್ದರೆ 20 ಅಥವಾ 25 ಮಿ.ಮೀ. ಸೆಟ್‌ಬ್ಯಾಕ್ ಇರುವ, ಅಂದರೆ ಸೀಟನ್ನು ಅಷ್ಟು ಹಿಂದಕ್ಕೆ ಕೂರಿಸುವ ಪೋಸ್ಟ್ ಬರುತ್ತದೆ.

ಹಿಂದುಮುಂದು ಅಳೆಯುವ ಸುಲಭ ದಾರಿ: ಹಿಂಚಕ್ರವನ್ನು ಗೋಡೆಗೆ ತಾಗಿಸಿ. ಗೋಡೆಯಿಂದ ಬಾಟಮ್ ಬ್ರಾಕೆಟ್ ನಡುವಿಗೆ ಎಷ್ಟು, ಗೋಡೆಯಿಂದ ಸೀಟಿನ ಮೂತಿಗೆ ಎಷ್ಟು ಅಂತ ಅಳೆದು ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಓರೆಗೆ ರಸಮಟ್ಟ. ಸೀಟಿನ ಉದ್ದಕ್ಕೂ ಗಟ್ಟಿ ರಟ್ಟಿನ ಪುಸ್ತಕವಿಟ್ಟು ಅದರ ಮೇಲೆ ರಸಮಟ್ಟವನ್ನೋ ಫೋನನ್ನೋ ಇಡಿ. ಸೊನ್ನೆಯಿಂದ ಶುರು. ಕೆಳಕ್ಕೆ 1-2 ಡಿಗ್ರಿವರೆಗೆ ಸರಿ. ಅದಕ್ಕಿಂತ ಜಾಸ್ತಿ ಬೇಕೆನಿಸಿದರೆ ಸೀಟು ಎತ್ತರವಿದೆ, ಅಥವಾ ಸೀಟೇ ನಿಮ್ಮದಲ್ಲ.

#12 ನಿಧಾನಸವಾರ

"ಸೀಟೇ ನಿಮ್ಮದಲ್ಲ" ಅನ್ನುವ ಮಾತು ಬಂದದ್ದರಿಂದ ಹೇಳುತ್ತೇನೆ. ಮೆತ್ತಗಿದ್ದಷ್ಟೂ ಒಳ್ಳೆಯ ಸೀಟು ಅನ್ನುವುದು ತಪ್ಪು. ಭಾರ ಹೊರಬೇಕಾದದ್ದು ಕೂರುವ ಎರಡು ಮೂಳೆಗಳು. ತೀರಾ ಮೆತ್ತನೆಯ ಸೀಟಿನಲ್ಲಿ ಮೂಳೆ ಒಳಗೆ ಹೂತುಹೋಗಿ ನಡುವಿನ ಮೆತ್ತೆ ಉಬ್ಬಿ ತೊಡೆಸಂದಿಗೆ ಒತ್ತುತ್ತದೆ. ಅಲ್ಲಿರುವುದು ನರ, ರಕ್ತನಾಳ. ಅಲ್ಲಿ ಜೋಮು ಬಂದರೆ "ರೂಢಿಯಾಗುತ್ತದೆ ಬಿಡು" ಅನ್ನಬೇಡಿ. ಕೈಯ ಜೋಮಿಗಿಂತ ಅದು ಗಂಭೀರ.

ಮೂಳೆಯ ಅಂತರ ಅಳೆಯಲು ಗಟ್ಟಿ ಸ್ಟೂಲಿನ ಮೇಲೆ ಅಲೆಅಲೆ ಪದರದ ರಟ್ಟಿನ ತುಂಡು ಇಟ್ಟು ಕೂತು, ಮುಂದಕ್ಕೆ ಬಾಗಿ, ಹಿಮ್ಮಡಿ ಎತ್ತಿ ಒಂದು ನಿಮಿಷ ಇರಿ. ಎದ್ದಾಗ ಎರಡು ಕುಳಿ ಬಿದ್ದಿರುತ್ತವೆ, ಅವುಗಳ ನಡುವಿನಿಂದ ನಡುವಿಗೆ ಅಳೆಯಿರಿ. ಅದಕ್ಕೆ 20ರಿಂದ 30 ಮಿ.ಮೀ. ಕೂಡಿಸಿದರೆ ಸೀಟಿನ ಅಗಲ. 115 ಬಂದರೆ 135-145ರ ಸೀಟು. ನೆಟ್ಟಗೆ ಕೂರುವವರಿಗೆ ಅಗಲ ಜಾಸ್ತಿ ಬೇಕು, ಬಾಗುವವರಿಗೆ ಕಡಿಮೆ.

ಮತ್ತೆ, ಪ್ಯಾಡ್ ಇರುವ ಚಡ್ಡಿಯೊಳಗೆ ಒಳಉಡುಪು ಹಾಕಬಾರದು. ಹೊಲಿಗೆಯೇ ಗಾಯ ಮಾಡುತ್ತದೆ. 10-15 ನಿಮಿಷಕ್ಕೊಮ್ಮೆ ಎದ್ದು ನಿಂತು ಹತ್ತಾರು ಸುತ್ತು ತುಳಿದರೆ ರಕ್ತ ಓಡಾಡುತ್ತದೆ.

#13 ಕ್ಲೀಟೇಶ

ಕ್ರಮದಲ್ಲಿ ಮೊದಲು ಕ್ಲೀಟ್ ಅಂದರು, ಆಮೇಲೆ ಯಾರೂ ಅದರ ಸುದ್ದಿ ಎತ್ತಲಿಲ್ಲ.

ಶೂ ಹಾಕಿಕೊಂಡೇ ಹೆಬ್ಬೆರಳ ಬುಡದ ಗೆಣ್ಣು, ಕಿರುಬೆರಳ ಬುಡದ ಗೆಣ್ಣು ತಡವಿ ನೋಡಿ ಶೂ ಮೇಲೆ ಎರಡೂ ಬದಿ ಚುಕ್ಕೆ ಇಡಿ. ಪೆಡಲಿನ ಅಚ್ಚು ಆ ಎರಡರ ನಡುವೆ ಬರಲಿ. ಅಂಗಾಲು ಉರಿಯುವವರು, ಮೀನಖಂಡ ಹಿಡಿದುಕೊಳ್ಳುವವರು ಕಿರುಬೆರಳಿನ ಗೆಣ್ಣಿನ ನೇರಕ್ಕೆ, ಇನ್ನೂ ಸ್ವಲ್ಪ ಹಿಂದಕ್ಕೆ ತರಬಹುದು. ಕ್ಲೀಟ್ ಹಿಂದೆ ಹೋದರೆ ಕಾಲು ಗಿಡ್ಡವಾದ ಲೆಕ್ಕ, ಸೀಟು ಒಂದೆರಡು ಮಿ.ಮೀ. ಇಳಿಸಿ.

ತಿರುವಿಗೆ: ಎತ್ತರದ ಮೇಜಿನ ಅಂಚಿನಲ್ಲಿ ಕೂತು ಕಾಲು ಇಳಿಬಿಡಿ. ಪಾದ ಎತ್ತ ನೋಡುತ್ತದೋ ಅತ್ತ ಕ್ಲೀಟ್ ಬಿಡಿ, ಬಲವಂತವಾಗಿ ನೆಟ್ಟಗೆ ಮಾಡಬೇಡಿ. ಶಿಮಾನೊ ಎಸ್‌ಪಿಡಿ-ಎಸ್‌ಎಲ್‌ನಲ್ಲಿ ಹಳದಿ ಕ್ಲೀಟ್ 6 ಡಿಗ್ರಿ ಆಡುತ್ತದೆ, ನೀಲಿ 2, ಕೆಂಪು ಸೊನ್ನೆ. ಲುಕ್ ಕಿಯೋದಲ್ಲಿ ಕೆಂಪು 9, ಬೂದು 4.5, ಕಪ್ಪು ಸೊನ್ನೆ. ಅಂದರೆ "ಕೆಂಪು ಕೊಡಿ" ಅಂತ ಬ್ರ್ಯಾಂಡ್ ನೋಡದೆ ಕೊಂಡರೆ ತದ್ವಿರುದ್ಧ ಆಗಬಹುದು. ಆರಾಮದ ಸವಾರಿಗೆ ಹಳದಿ ಅಥವಾ ಬೂದು ಸಾಕು. ಸವೆದ ಕ್ಲೀಟ್ ಬಿಚ್ಚುವ ಮೊದಲು ಅದರ ಸುತ್ತ ಮಾರ್ಕರಿನಿಂದ ಗೆರೆ ಹಾಕಿಕೊಳ್ಳಿ.

ಮಂಡಿಯ ಒಳಬದಿ ಅಥವಾ ಹೊರಬದಿ ನೋವಾದರೆ ಮೊದಲು ಕ್ಲೀಟಿನ ತಿರುವು ಅನುಮಾನಿಸಿ. ಮುಂದೆ ನೋವಾದರೆ ಸೀಟು ಕೆಳಗಿದೆ ಅಥವಾ ಮುಂದಿದೆ, ಇಲ್ಲವೇ ಭಾರದ ಗೇರಿನಲ್ಲಿ ನಿಧಾನ ತುಳಿಯುತ್ತಿದ್ದೀರಿ. ಮಂಡಿಯ ಹಿಂದೆ ನೋವಾದರೆ ಸೀಟು ಎತ್ತರ ಅಥವಾ ಹಿಂದೆ.

#14 ಎರಡುಗಾಲಿ

ಸೀಟು 73.4ಕ್ಕೆ ಇಳಿದಿದೆ, ಓರೆ ಮೈನಸ್ 1 ಡಿಗ್ರಿ, 5 ಮಿ.ಮೀ. ಹಿಂದಕ್ಕೆ. ಕೈ ಎತ್ತುವ ಪರೀಕ್ಷೆಯಲ್ಲಿ ಮುಗ್ಗರಿಸುವುದಿಲ್ಲ. ಜೋಮು ಬಲಗೈಯಲ್ಲಿ ಮಾತ್ರ ಉಳಿದಿದೆ. ಕತ್ತು ಇನ್ನೂ ಸ್ವಲ್ಪ. ಈಗಲಾದರೂ ಹ್ಯಾಂಡಲ್ ಮುಟ್ಟಬಹುದಾ?

#15 ಸ್ಪ್ಯಾನರ್ ಶಾಸ್ತ್ರಿ

ಮುಟ್ಟಬಹುದು. ಆದರೂ ಸ್ಟೆಮ್ ಕೊನೆಗೆ.

ಒಂದೇ ಕೈ ಅಂದರೆ ಮೊದಲು ಹುಡ್‌ಗಳನ್ನು ನೋಡಿ. ಮುಂದಿನಿಂದ ನೋಡಿದಾಗ ಎರಡೂ ಒಂದೇ ಎತ್ತರದಲ್ಲಿವೆಯಾ, ಹ್ಯಾಂಡಲ್ ಚಕ್ರಕ್ಕೆ ನೇರ ಇದೆಯಾ? ಪಕ್ಕದಿಂದ ನೋಡಿದಾಗ ಹ್ಯಾಂಡಲಿನ ಮೇಲ್ಭಾಗದಿಂದ ಹುಡ್ಡಿಗೆ ಇಳಿಜಾರಿಲ್ಲದೆ, ಮುಂಗೈ ಮತ್ತು ಹಸ್ತ ಒಂದೇ ಗೆರೆಯಲ್ಲಿರಬೇಕು. ಹುಡ್ ಕೆಳಕ್ಕೆ ವಾಲಿದ್ದರೆ ಮಣಿಕಟ್ಟು ಮುರಿದ ಹಾಗೆ ಬಾಗುತ್ತದೆ. ಬ್ರೇಕ್ ಲಿವರ್ ಬೆರಳಿಗೆ ಎಟುಕದಿದ್ದರೆ ಕೈ ಮುಂದಕ್ಕೆ ಚಾಚಿಕೊಂಡೇ ಇರುತ್ತದೆ. ಬಹುತೇಕ ಲಿವರ್‌ಗಳಲ್ಲಿ ಅದನ್ನು ಹತ್ತಿರ ತರುವ ಸಣ್ಣ ಸ್ಕ್ರೂ ಇರುತ್ತದೆ.

ಎತ್ತರಕ್ಕೆ: ಸ್ಟೆಮ್ ಮೇಲೆ ಸ್ಪೇಸರ್ (ಫೋರ್ಕಿನ ಕೊಳವೆಗೆ ಹಾಕುವ ಬಳೆ) ಇದ್ದರೆ ಅದನ್ನು ಕೆಳಗೆ ತನ್ನಿ. 10 ಮಿ.ಮೀ. ಏರಿದರೆ ಹ್ಯಾಂಡಲ್ 3 ಮಿ.ಮೀ. ಹತ್ತಿರವೂ ಬರುತ್ತದೆ. ಸಾಲದಿದ್ದರೆ ನಿಮ್ಮ ಸ್ಟೆಮ್ಮನ್ನೇ ತಲೆಕೆಳಗು ಮಾಡಿ. 100 ಮಿ.ಮೀ., 6 ಡಿಗ್ರಿಯದಕ್ಕೆ ಸುಮಾರು 20 ಮಿ.ಮೀ. ಎತ್ತರ, 6 ಮಿ.ಮೀ. ಹತ್ತಿರ, ಬಿಡಿಗಾಸು ಖರ್ಚಿಲ್ಲ. ನೋಡಲು ಚೆನ್ನಾಗಿಲ್ಲ ಅನ್ನುವವರು ಕತ್ತು ನೋಯಿಸಿಕೊಳ್ಳಲಿ.

ಇಲ್ಲಿ ತಪ್ಪುವುದು ಬೋಲ್ಟ್ ಬಿಗಿಯುವ ಕ್ರಮ. ಬಿಚ್ಚುವಾಗ ಪಕ್ಕದ ಎರಡು ಬೋಲ್ಟ್ ಸಡಿಲಿಸಿ, ಆಮೇಲೆ ಮೇಲಿನ ಕ್ಯಾಪ್. ಹಾಕುವಾಗ ಮೊದಲು ಮೇಲಿನ ಕ್ಯಾಪ್. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆಮುಂದೆ ಆಡಿಸಿದರೆ ಟಕ್ ಅನ್ನಬಾರದು, ಹ್ಯಾಂಡಲ್ ಸಲೀಸಾಗಿ ತಿರುಗಬೇಕು. ಅಷ್ಟಾದ ಮೇಲೆ ಚಕ್ರಕ್ಕೆ ನೇರ ಮಾಡಿ ಪಕ್ಕದ ಬೋಲ್ಟ್‌ಗಳನ್ನು ಒಂದಾದ ಮೇಲೊಂದು, ಸ್ವಲ್ಪಸ್ವಲ್ಪವೇ ಬಿಗಿಯಿರಿ. ಪಕ್ಕದ ಬೋಲ್ಟ್ ಬಿಗಿ ಇರುವಾಗ ಕ್ಯಾಪ್ ತಿರುಗಿಸಿದರೆ ಬೇರಿಂಗಿಗೆ ಏನೂ ಆಗುವುದಿಲ್ಲ, ಕ್ಯಾಪಿನ ಬೋಲ್ಟ್ ಮಾತ್ರ ಹಾಳು. ಫೋರ್ಕಿನ ಕೊಳವೆಯ ತುದಿ ಮೇಲಿನ ಸ್ಪೇಸರಿನ ಅಂಚಿಗಿಂತ 2-3 ಮಿ.ಮೀ. ಒಳಗಿರಬೇಕು, ಇಲ್ಲದಿದ್ದರೆ ಕ್ಯಾಪ್ ಕೊಳವೆಗೇ ತಾಗಿ ಬೇರಿಂಗ್ ಬಿಗಿಯುವುದೇ ಇಲ್ಲ.

#16 ಮಂಡಿಚಿಪ್ಪು

ಕತ್ತಿಗೆ ಇನ್ನೆರಡು ಕಾರಣ, ಸೈಕಲ್ಲಿಗೆ ಸಂಬಂಧವಿಲ್ಲದವು. ಹೆಲ್ಮೆಟ್ಟಿನ ಮುಂದಿನ ಛಾವಣಿ ಮತ್ತು ಕನ್ನಡಕದ ಮೇಲಂಚು. ಇವೆರಡೂ ನೋಟಕ್ಕೆ ಅಡ್ಡ ಬಂದರೆ ತಲೆಯನ್ನು ಅಗತ್ಯಕ್ಕಿಂತ ಮೇಲೆತ್ತಬೇಕಾಗುತ್ತದೆ. ಛಾವಣಿ ತೆಗೆದು ನೋಡಿ.

ಭಂಗಿಯ ಮಾತು: ಬಾಗಬೇಕಾದದ್ದು ಸೊಂಟದ ಕೀಲಿನಲ್ಲಿ, ಬೆನ್ನಿನಲ್ಲಲ್ಲ. ಹೊಕ್ಕುಳನ್ನು ಸ್ಟೆಮ್ ಕಡೆ ತಂದ ಹಾಗೆ ಸೊಂಟ ಮುಂದಕ್ಕೆ ಮಗುಚಿದರೆ ಹ್ಯಾಂಡಲ್ ತಾನಾಗಿ ಹತ್ತಿರ ಬರುತ್ತದೆ. ಬೆನ್ನು ಗೂನು ಮಾಡಿ ಕೈ ಚಾಚುವವರಿಗೆ ಎಷ್ಟು ಗಿಡ್ಡ ಸ್ಟೆಮ್ ಕೊಟ್ಟರೂ ದೂರವೇ. ಮೊಣಕೈ 15-20 ಡಿಗ್ರಿ ಬಾಗಿರಲಿ, ಅದೇ ನಿಮ್ಮ ಸಸ್ಪೆನ್ಷನ್. ಭುಜ ಕಿವಿಗೆ ಏರದಿರಲಿ. 5-10 ನಿಮಿಷಕ್ಕೊಮ್ಮೆ ಕೈ ಜಾಗ ಬದಲಿಸಿ: ಹುಡ್, ಮೇಲಿನ ಅಡ್ಡಪಟ್ಟಿ, ಡ್ರಾಪ್ (ಹ್ಯಾಂಡಲಿನ ಕೆಳಗಿನ ಬಾಗು). ಡ್ರಾಪ್ ಒಂದು ನಿಮಿಷವೂ ಹಿಡಿಯಲಾಗದಿದ್ದರೆ ಹ್ಯಾಂಡಲ್ ತೀರಾ ಕೆಳಗಿದೆ.

#17 ನಿಧಾನಸವಾರ

ಟೈರ್ ಒತ್ತಡ ಎಷ್ಟಿದೆ? 28 ಮಿ.ಮೀ. ಟೈರಿಗೆ 100 ಪಿಎಸ್‌ಐ ತುಂಬಿ ಕೈ ಜೋಮು ಅನ್ನುವವರು ಬಹಳ. 70 ಕೆ.ಜಿ. ಸವಾರನಿಗೆ ಟ್ಯೂಬ್ ಇರುವ 28ರಲ್ಲಿ 70-75 ಸಾಕು, ಮುಂದೆ ಹಿಂದಿಗಿಂತ 3-5 ಕಡಿಮೆ. ಹುಕ್‌ಲೆಸ್ ರಿಮ್ (ಟೈರಿನ ಅಂಚು ಹಿಡಿಯುವ ಕೊಕ್ಕೆ ಇಲ್ಲದ್ದು) ಆದರೆ 72.5 ಪಿಎಸ್‌ಐ ಮೀರಲೇಬಾರದು, ಟೈರ್ ಕಳಚಿಕೊಳ್ಳಬಹುದು.

#18 ಎರಡುಗಾಲಿ

95 ಇತ್ತು. ಬಲಗಡೆ ಹುಡ್ ಎಡಗಡೆಗಿಂತ 6 ಮಿ.ಮೀ. ಕೆಳಗಿತ್ತು. ಎರಡೂ ಸರಿಮಾಡಿ, ಸ್ಟೆಮ್ ತಿರುಗಿಸಿ ಹಾಕಿದ್ದಾಯಿತು. ಕ್ರ್ಯಾಂಕ್ ಗಿಡ್ಡ ಮಾಡಿದರೆ ಲಾಭವಿದೆಯಾ? 165 ಸಿಗುತ್ತಿದೆ.

#19 ಮಂಡಿಚಿಪ್ಪು

ಡ್ರಾಪ್ ಹಿಡಿದಾಗ ತೊಡೆ ಹೊಟ್ಟೆಗೆ ತಾಗುವವರಿಗೆ, ಪೆಡಲ್ ಮೇಲೆ ಬಂದಾಗ ಸೊಂಟದ ಮುಂಭಾಗ ಹಿಸುಕಿದಂತಾಗುವವರಿಗೆ ಲಾಭ. ಕ್ರ್ಯಾಂಕ್ 7.5 ಮಿ.ಮೀ. ಗಿಡ್ಡವಾದರೆ ಸೀಟು ಅಷ್ಟೇ ಏರಿಸಬೇಕು. ಪೆಡಲ್ ಮೇಲಿದ್ದಾಗ ಮಂಡಿಗೆ ಒಟ್ಟು 15 ಮಿ.ಮೀ. ಜಾಗ ಸಿಗುತ್ತದೆ. ಆದರೆ ಏರಿಸಿದ ಸೀಟು ಹ್ಯಾಂಡಲಿಗೆ ಹೋಲಿಸಿದರೆ ಮತ್ತೆ ಎತ್ತರ. ನಿಮ್ಮ ಕತ್ತಿಗೆ ಈಗ ತಾನೇ ಕೊಟ್ಟದ್ದನ್ನು ವಾಪಸ್ ಕಸಿದುಕೊಂಡ ಹಾಗೆ. ಸದ್ಯಕ್ಕೆ ಬೇಡ.

#20 ಸ್ಪ್ಯಾನರ್ ಶಾಸ್ತ್ರಿ

ಬೇಡ. ಸೀಟು ಇನ್ನೂ 73.4ರಲ್ಲಿದೆ, 72.7ಕ್ಕೆ ಇಳಿಯುವುದು ಬಾಕಿ. ಒಂದೇ ಸಲ ಮೂರು ಬದಲಿಸಿದ್ದೀರಿ, ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ. ಮುಂದಿನ ಎರಡು ಮೂರು ಸವಾರಿ ಏನನ್ನೂ ಮುಟ್ಟಬೇಡಿ. ಆಮೇಲೆ 3 ಮಿ.ಮೀ. ಇಳಿಸಿ. ಸೀಟಿನ ಎತ್ತರ, ಮೂತಿಯ ಹಿಂದುಮುಂದು, ಓರೆ, ಮೂತಿಯಿಂದ ಹ್ಯಾಂಡಲ್ ನಡುವಿಗೆ ದೂರ, ನೆಲದಿಂದ ಸೀಟಿಗೂ ಹ್ಯಾಂಡಲಿಗೂ ಎತ್ತರ, ಈ ಆರನ್ನೂ ತಾರೀಖು ಹಾಕಿ ಬರೆದಿಡಿ. ಮೊದಲ 50 ಕಿ.ಮೀ. ಆದ ಮೇಲೆ ಸ್ಟೆಮ್ ಮತ್ತು ಸೀಟಿನ ಬೋಲ್ಟ್‌ಗಳಿಗೆ ಇನ್ನೊಮ್ಮೆ ಟಾರ್ಕ್ ವ್ರೆಂಚ್ ಹಾಕಿ ನೋಡಿ. ಹೊಸದಾಗಿ ಬಿಗಿದದ್ದು ಒಂಚೂರು ಸಡಿಲ ಬಿಡುವುದುಂಟು.